ಒಂದೇ ಚಾರ್ಟಿನಲ್ಲಿ ಮಳೆಯೂ ಬಾವಿಯೂ

ಸಾದಲಿ ಹೋಬಳಿಯ ಮಳೆ ಒಂದು ಎಕ್ಸೆಲ್ ಹಾಳೆಯಲ್ಲಿ, ಶಿಡ್ಲಘಟ್ಟ ತಾಲ್ಲೂಕಿನ ಅಂತರ್ಜಲ ಮಟ್ಟ ಇನ್ನೊಂದರಲ್ಲಿ, ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಹರಿದ ಸಂಸ್ಕರಿತ ನೀರಿನ ಲೆಕ್ಕ ಮತ್ತೊಂದರಲ್ಲಿ. ಇವನ್ನೆಲ್ಲ ಒಂದೇ ಚಾರ್ಟಿಗೆ ತಂದು, ಗೆರೆಗಳು ಜೊತೆಯಾಗಿ ಏರುವುದನ್ನು ತೋರಿಸಿ, ಕೆರೆ ತುಂಬಿದ್ದರಿಂದಲೇ ಅಂತರ್ಜಲ ಏರಿತು ಎಂದು ತೀರ್ಮಾನಿಸುವುದು ಸುಲಭ. ಇಂಥ ಜೋಡಣೆಯಲ್ಲಿ ನುಸುಳುವ ದೊಡ್ಡ ತಪ್ಪುಗಳೆಲ್ಲ ಶುಭಸುದ್ದಿಯ ಕಡೆಗೇ ವಾಲುತ್ತವೆ ಎಂಬುದು ನನ್ನ ಆಕ್ಷೇಪ.

ಅಂತರ್ಜಲವನ್ನು ನೆಲಮಟ್ಟದಿಂದ ಕೆಳಕ್ಕೆ ಎಷ್ಟು ಮೀಟರ್ ಎಂದು ಅಳೆಯುತ್ತಾರೆ. ಅಂಕಿ ದೊಡ್ಡದಾದಷ್ಟೂ ನೀರು ದೂರ. ಇಂಗ್ಲಿಷ್ ಹಾಳೆಗಳಲ್ಲಿ ತಾಲ್ಲೂಕಿನ ಹೆಸರು ಒಂದು ಕಡೆ 'ಸಿ'ಯಿಂದಲೂ ಇನ್ನೊಂದು ಕಡೆ 'ಶಿ'ಯಿಂದಲೂ ಶುರುವಾಗುತ್ತದೆ. 2007ಕ್ಕೆ ಮೊದಲಿನ ದಾಖಲೆಗಳಲ್ಲಂತೂ ಇದು ಕೋಲಾರ ಜಿಲ್ಲೆ. ಹೆಸರು ತಾಳೆಯಾಗದ ಕಡೆ ಹಾಳೆಗಳನ್ನು ಜೋಡಿಸುವ ಎಕ್ಸೆಲ್ ಸೂತ್ರ ದೋಷ ತೋರಿಸುತ್ತದೆ. ಅದನ್ನು ಮರೆಮಾಡಲು ಸೊನ್ನೆ ತುಂಬಿದರೆ, ಆ ಬಾವಿಯಲ್ಲಿ ನೀರು ನೆಲದ ಮಟ್ಟಕ್ಕೇ ಬಂದು ತುಳುಕುತ್ತಿದೆ ಎಂದು ಬರೆದಂತಾಯಿತು! ಬತ್ತಿದ ಬಾವಿಯದು ಇನ್ನೂ ಕೆಟ್ಟ ಕಥೆ. ನಾಲ್ಕು ಬಾವಿಗಳಲ್ಲಿ 20 ಮೀಟರ್, ಐದನೆಯದರಲ್ಲಿ 60 ಮೀಟರ್ ಆಳದಲ್ಲಿ ನೀರಿದೆ ಎನ್ನೋಣ, ಸರಾಸರಿ 28. ಐದನೆಯದು ಬತ್ತಿ ಅದರ ಖಾನೆ ಖಾಲಿಯಾದರೆ ಸರಾಸರಿ 20ಕ್ಕೆ ಬರುತ್ತದೆ. ಒಂದು ಹನಿ ನೀರೂ ಹೆಚ್ಚದೆ ಚಾರ್ಟಿನಲ್ಲಿ ಎಂಟು ಮೀಟರ್ ಏರಿಕೆ. ಅಂತರ್ಜಲದ ಅತಿಬಳಕೆಗೆ ಹೆಸರಾದ, ಸಾವಿರ ಅಡಿ ಕೊರೆದರೂ ನೀರಿನ ಖಾತ್ರಿಯಿಲ್ಲದ ಸೀಮೆಯಲ್ಲಿ ಇದು ಸಣ್ಣ ಲೋಪವಲ್ಲ.

ಸರಾಸರಿಯಲ್ಲಿ ಸಣ್ಣಪುಟ್ಟ ತಪ್ಪುಗಳು ಒಂದನ್ನೊಂದು ಸರಿದೂಗಿಸುತ್ತವೆ ಎಂಬ ವಾದವಿದೆ. ತಪ್ಪುಗಳು ಎರಡೂ ಕಡೆ ಹರಡಿದ್ದರೆ ಆ ಮಾತು ನಿಜ. ಇಲ್ಲಿ ಸೊನ್ನೆಯೂ ಖಾಲಿ ಖಾನೆಯೂ ನೀರನ್ನು ಮೇಲಕ್ಕೇ ಎತ್ತುತ್ತವೆ. ಸಭೆಯಲ್ಲಿ ಮೂರು ಹಾಳೆ ಓದುವವರು ಯಾರು, ಒಂದೇ ಚಿತ್ರ ಬೇಕು ಎನ್ನುವವರ ಮಾತನ್ನು ಒಪ್ಪುತ್ತೇನೆ. ಆದರೆ ಎಡಕ್ಕೊಂದು ಬಲಕ್ಕೊಂದು ಅಳತೆಪಟ್ಟಿ ಇಟ್ಟರೆ, ಅವನ್ನು ಹಿಗ್ಗಿಸಿ ಕುಗ್ಗಿಸಿ ಯಾವ ಎರಡು ಗೆರೆಗಳನ್ನಾದರೂ ಜೋಡಿಯಾಗಿಸಬಹುದು. ತಿಂಗಳುಗಳ ಒಂದೇ ಸಾಲಿನ ಮೇಲೆ ಮಳೆ, ಕೆರೆಗೆ ಬಂದ ನೀರು, ಬಾವಿಯ ಮಟ್ಟ ಒಂದರ ಕೆಳಗೊಂದು ನಿಂತರೆ ಚಿತ್ರವೂ ಒಂದೇ, ಮೋಸವೂ ಇಲ್ಲ. ತಿಂಗಳ ಲೆಕ್ಕ ಬೇಕೇ ಬೇಕು: 2021ರ ನವೆಂಬರಿನಲ್ಲಿ ಈ ಜಿಲ್ಲೆಯಲ್ಲಿ ಭಾರಿ ಮಳೆ ಸುರಿದು ಕೆರೆಗಳು ಕೋಡಿ ಹರಿದವು. ವರ್ಷದ ಲೆಕ್ಕದಲ್ಲಿ ಆ ಮಳೆ 2021ರ ಕಂಬಕ್ಕೆ, ಅದರಿಂದ ಬಾವಿಗೆ ಬಂದ ನೀರಿನ ಬಹುಪಾಲು 2022ರ ಕಂಬಕ್ಕೆ ಸೇರುತ್ತದೆ. ಆಗ ಮಳೆಯ ಪುಣ್ಯ ಸಂಸ್ಕರಿತ ನೀರಿನ ಲೆಕ್ಕಕ್ಕೆ ಹೋಗುತ್ತದೆ.

ಯೋಜನೆಯಿಂದ ಲಾಭವಿಲ್ಲ ಎಂದು ಇದರರ್ಥವಲ್ಲ. ಲಾಭ ಎಷ್ಟೆಂದು ಇಂಥ ಚಾರ್ಟಿನಿಂದ ತಿಳಿಯದು, ಅಷ್ಟೇ. ಚಾರ್ಟ್ ಹೊರಡಿಸುವವರು ಪ್ರತಿ ಬಿಂದುವಿನ ಕೆಳಗೆ ಎಷ್ಟು ಬಾವಿಗಳ ಸರಾಸರಿ, ಎಷ್ಟು ಬತ್ತಿವೆ ಎಂಬ ಎರಡು ಅಂಕಿಗಳನ್ನು ಅಚ್ಚು ಹಾಕಲಿ. ಅವಿಲ್ಲದ ಚಾರ್ಟನ್ನು ನಂಬಿ ಸಾದಲಿಯ ರೈತರು ಹೊಸ ಕೊಳವೆಬಾವಿಗೆ ಸಾಲ ಮಾಡದಿರಲಿ.