ಎರಡನೆಯ ಕೆಲಸಕ್ಕೆ ಯಾವ ಪದವಿ?

ಕುಣಿಗಲ್ ತಾಲೂಕಿನ ಹುತ್ರಿದುರ್ಗ ಹೋಬಳಿಯ ಹಳ್ಳಿಗಳಿಂದ ಕಾಲೇಜಿಗೆ ಬಸ್ಸು ಹತ್ತುವ ಮಕ್ಕಳನ್ನು ಹೆತ್ತವರು ಕೇಳುವ ಪ್ರಶ್ನೆ ಒಂದೇ: ಇದನ್ನು ಓದಿದರೆ ಯಾವ ಕೆಲಸ ಸಿಗುತ್ತದೆ? ಸಾಲ ಮಾಡಿ ಓದಿಸುವವರು ಬೇರೇನು ಕೇಳಿಯಾರು? ಆದರೆ ಆ ಕೆಲಸ ಹೋದ ಮೇಲೆ ಮುಂದೇನು ಎಂದು ನಮ್ಮ ವಿಶ್ವವಿದ್ಯಾಲಯಗಳಾದರೂ ಕೇಳಿಕೊಳ್ಳಬೇಕಿತ್ತು.

ತುಮಕೂರಿಗೆ ಇದು ಹೊಸ ಅನುಭವವಲ್ಲ. ಎಚ್‌ಎಂಟಿ ಗಡಿಯಾರ ಕಾರ್ಖಾನೆ ಸೇರಿದರೆ ಬದುಕು ದಡ ಸೇರಿತೆಂದು ನಂಬಿದ್ದ ಕಾಲವೊಂದಿತ್ತು. 2016ರಲ್ಲಿ ಕೇಂದ್ರ ಸರಕಾರ ಎಚ್‌ಎಂಟಿಯ ಗಡಿಯಾರ ಕಂಪೆನಿಯನ್ನೇ ಮುಚ್ಚಲು ತೀರ್ಮಾನಿಸಿತು. ಇದೇ ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಗಡಿಯಾರ ಜೋಡಿಸಿದ ಕೈ ಅಂತಹ ಕಡೆಗೆ ಹೋಗಬೇಕಾದರೆ ನಡುವೆ ಒಂದು ತರಗತಿ ಬೇಕು. ನಲವತ್ತು ದಾಟಿದವರಿಗೆ ಆ ತರಗತಿ ಎಲ್ಲಿದೆ?

ಬರೇ ಕಾರ್ಮಿಕರ ಮಾತಲ್ಲ ಇದು. ಕರ್ನಾಟಕದಲ್ಲಿ ವ್ಯಾಟ್ ಬಂದದ್ದು 2005ರಲ್ಲಿ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ಅದರ ಬಹುಭಾಗವನ್ನು ಅಳಿಸಿತು. ಗೈಡ್ ನೋಡಿ ನಿಯಮ ಬಾಯಿಪಾಠ ಮಾಡಿದ ಬಿ.ಕಾಂ. ಪದವೀಧರನ ವಿದ್ಯೆ ಹನ್ನೆರಡೇ ವರ್ಷಗಳಲ್ಲಿ ಹಳತಾಯಿತು. ಜಮಾಖರ್ಚಿನ ತರ್ಕ ಬಲ್ಲವನು, ತೆರಿಗೆಯ ಹೊರೆ ಕೊನೆಗೆ ಯಾರ ಮೇಲೆ ಬೀಳುತ್ತದೆಂದು ತಿಳಿದವನು, ಹೊಸ ಕಾಯಿದೆಯನ್ನು ತಾನೇ ಓದಿಕೊಳ್ಳಬಲ್ಲ. ಕೌಶಲ ಎಂಬ ಹೆಸರಿನಲ್ಲಿ ಇಂದಿನ ಸಾಫ್ಟ್‌ವೇರಿನ ಗುಂಡಿ ಒತ್ತುವುದನ್ನಷ್ಟೇ ಕಲಿಸಿದರೆ ಇಂಥವನು ತಯಾರಾಗುವುದಿಲ್ಲ.

2021ರಲ್ಲಿ ರಾಜ್ಯವು ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಆನರ್ಸ್ ಪದವಿ ತಂದಿತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಜಗಳವೆಲ್ಲ ಮೂರೋ ನಾಲ್ಕೋ ಎಂಬುದರ ಸುತ್ತಲೇ ನಡೆಯಿತು (ಯಾವ ಪಕ್ಷದ ನೀತಿ ಎಂಬುದರ ಸುತ್ತಲೂ). ಓದು ನಡುವೆ ಬಿಟ್ಟವರು ಮತ್ತೆ ಬಂದು ಸೇರಬಹುದೆಂಬ ಅಂಶ ಆ ನೀತಿಯಲ್ಲಿತ್ತು. ಅದನ್ನು ತಂದವರು ಯಾರೇ ಆಗಿರಲಿ, ಅದು ಉಳಿಯಬೇಕೆಂಬುದು ನಮ್ಮ ಅಭಿಪ್ರಾಯ. ಆದರೆ ಕಾಗದದಲ್ಲಿ ಉಳಿದರೆ ಸಾಲದು. ಎರಡನೇ ವರ್ಷದಲ್ಲಿ ಮದುವೆಯಾಗಿ ಹೋಗುವ ಹುಡುಗಿಯ ಕೈಗೆ ಡಿಪ್ಲೊಮಾ ಕೊಟ್ಟು ಕಳುಹಿಸುವುದು ಸುಲಭ. ಹತ್ತು ವರ್ಷಗಳ ಬಳಿಕ ಮಗುವನ್ನು ಶಾಲೆಗೆ ಬಿಟ್ಟು ಬಂದು ಓದು ಮುಂದುವರಿಸುತ್ತೇನೆಂದರೆ ಅವಳನ್ನು ಕೂರಿಸಿಕೊಳ್ಳುವ ಬೆಂಚು ಬೇಕು.

ಮೈಸೂರಿನ ಮುಕ್ತ ವಿಶ್ವವಿದ್ಯಾಲಯವು 1996ರಿಂದ ಮನೆಯಲ್ಲೇ ಓದಲು ಅನುವು ಮಾಡಿಕೊಟ್ಟಿದೆ ನಿಜ. ಯಂತ್ರ, ಪ್ರಯೋಗಶಾಲೆ ಬೇಡುವ ವಿದ್ಯೆ ಅಂಚೆಯಲ್ಲಿ ಬರುವುದಿಲ್ಲ. ಕುಣಿಗಲ್, ಗುಬ್ಬಿ, ತುಮಕೂರುಗಳಲ್ಲಿ ಸಂಜೆ ಖಾಲಿ ಬೀಳುವ ಕಾಲೇಜು ಕೊಠಡಿಗಳಲ್ಲಿ ಇಂಥವರಿಗಾಗಿ ತರಗತಿ ಆರಂಭವಾಗಲಿ, ಹಳ್ಳಿಗೆ ಹೋಗುವ ಕೊನೆಯ ಬಸ್ಸಿನ ವೇಳೆಯನ್ನು ನೋಡಿಕೊಂಡು.