ರಾತ್ರಿಯ ಬೆಳಕು ಮತ್ತು ಮಧುಮೇಹ: ನಂಟೋ, ಕಾರಣವೋ?

‘ದೀಪ ಹಾಕಿಕೊಂಡು ಮಲಗಿದರೆ ಸಕ್ಕರೆ ಕಾಯಿಲೆ ಬರುತ್ತದೆ’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದಕ್ಕೆ ಆಧಾರವೆಂದು ತೋರಿಸುವ ಅಧ್ಯಯನಗಳಲ್ಲಿ ಒಂದನ್ನು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದರು. ಅದು ನಿಜಕ್ಕೂ ಏನನ್ನು ತೋರಿಸುತ್ತದೆ ಎಂಬುದನ್ನು ಪರಿಶೀಲಿಸೋಣ.

63ರಿಂದ 84 ವರ್ಷ ವಯಸ್ಸಿನ 552 ಮಂದಿಯ ಮಣಿಕಟ್ಟಿಗೆ, ಬೆಳಕು ಮತ್ತು ಚಲನೆಯನ್ನು ದಾಖಲಿಸುವ ಸಾಧನವನ್ನು 7 ದಿನ ಕಟ್ಟಲಾಗಿತ್ತು. ದಿನದ ಅತಿ ಕಡಿಮೆ ಬೆಳಕಿನ 5 ಗಂಟೆಗಳಲ್ಲೂ ಬೆಳಕಿಗೆ ಒಡ್ಡಿಕೊಂಡವರಲ್ಲಿ ಶೇ. 17.8ರಷ್ಟು ಮಂದಿಗೆ ಮಧುಮೇಹವಿತ್ತು. ಆ ಅವಧಿಯಲ್ಲಿ ಪೂರ್ಣ ಕತ್ತಲೆಯಲ್ಲಿದ್ದವರಲ್ಲಿ ಶೇ. 9.8ರಷ್ಟು. ಬೊಜ್ಜು ಮತ್ತು ಅಧಿಕ ರಕ್ತದೊತ್ತಡವೂ ಮೊದಲ ಗುಂಪಿನಲ್ಲೇ ಹೆಚ್ಚು. ಜನರ ನೆನಪನ್ನು ನೆಚ್ಚದೆ ಬೆಳಕನ್ನು ಅಳೆದದ್ದು ಈ ಅಧ್ಯಯನದ ಹೆಚ್ಚುಗಾರಿಕೆ.

ಆದರೆ ಇಲ್ಲಿ ಬೆಳಕು ಮತ್ತು ರೋಗ ಎರಡನ್ನೂ ಒಂದೇ ಕಾಲಘಟ್ಟದಲ್ಲಿ ಗಮನಿಸಲಾಗಿದೆ. ಮೊದಲು ಬಂದದ್ದು ಯಾವುದು? ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ಮೂತ್ರದ ಪ್ರಮಾಣವೂ ಹೆಚ್ಚುತ್ತದೆ. ಮಧುಮೇಹಿಯು ರಾತ್ರಿ ಮತ್ತೆ ಮತ್ತೆ ಏಳುತ್ತಾರೆ, ದೀಪ ಹಾಕುತ್ತಾರೆ. ಆಗ ರೋಗವೇ ಬೆಳಕಿಗೆ ಕಾರಣವಾಗುತ್ತದೆ! ಇನ್ನೊಂದು ತೊಡಕೂ ಇದೆ: ಹೊದಿಕೆಯೊಳಗಿನ ಮಣಿಕಟ್ಟಿನ ಮೇಲೆ ಬಿದ್ದ ಬೆಳಕು, ಮುಚ್ಚಿದ ರೆಪ್ಪೆಯನ್ನು ದಾಟಿ ಅಕ್ಷಿಪಟಲವನ್ನು ತಲುಪಿದ ಬೆಳಕಿಗೆ ಸಮವಲ್ಲ.

ಹಾಗಾದರೆ ಬೆಳಕು ನಿರಪರಾಧಿಯೇ? ಹಾಗೆನ್ನುವಂತಿಲ್ಲ. ಅದೇ ವರ್ಷ ಅದೇ ವಿಶ್ವವಿದ್ಯಾಲಯದಲ್ಲಿ ನಡೆದ ಇನ್ನೊಂದು ಅಧ್ಯಯನದ ವರದಿಯೂ ಪ್ರಕಟವಾಯಿತು. ಅದು 20 ಮಂದಿ ಆರೋಗ್ಯವಂತ ಯುವಜನರ ಮೇಲಿನ ಪ್ರಯೋಗ. 100 ಲಕ್ಸ್ ಬೆಳಕಿನಲ್ಲಿ ಒಂದು ರಾತ್ರಿ ಮಲಗಿದವರಲ್ಲಿ ಹೃದಯದ ಬಡಿತ ಏರಿತ್ತು. ಮರುದಿನ ಬೆಳಿಗ್ಗೆ ಇನ್ಸುಲಿನ್ ಪ್ರತಿರೋಧವೂ ಹೆಚ್ಚಿತ್ತು. ಬೆಳಕನ್ನು ಸಂಶೋಧಕರೇ ಬದಲಾಯಿಸಿದ್ದರಿಂದ ಕಾರಣದ ವಾದಕ್ಕೆ ಇಲ್ಲಿ ಬಲ ಬರುತ್ತದೆ. ಆದರೆ ಪರೀಕ್ಷೆಗೊಳಗಾದವರು ವೃದ್ಧರಲ್ಲ. ಒಂದು ರಾತ್ರಿಯ ಏರುಪೇರು ಮಧುಮೇಹವೂ ಅಲ್ಲ.

ಈ ವ್ಯತ್ಯಾಸ ಕೇವಲ ತರ್ಕದ ಮಾತಲ್ಲ. ಮಧುಮೇಹಕ್ಕೆ ಹೆದರಿ ಅಜ್ಜಿಯ ಕೋಣೆಯ ದೀಪವನ್ನು ಪೂರ್ತಿ ಆರಿಸಿದರೆ, ಬಚ್ಚಲಿಗೆ ಹೋಗುವಾಗ ಅವರು ಎಡವಿ ಸೊಂಟದ ಮೂಳೆ ಮುರಿದುಕೊಳ್ಳಬಹುದು. ದೀಪ ಬೇಕೇ ಬೇಕೆಂದಾದರೆ ಅದು ಮಂದವಾಗಿರಲಿ, ನೆಲಕ್ಕೆ ಹತ್ತಿರವಿರಲಿ, ಬಿಳಿ ಅಥವಾ ನೀಲಿಯ ಬದಲು ಕೆಂಪು ಇಲ್ಲವೇ ಕಿತ್ತಳೆ ಛಾಯೆಯದಾಗಿರಲಿ ಎಂಬುದು ಆ ಸಂಶೋಧಕರದೇ ಸಲಹೆ.

ಶಿಕ್ಷಕರು ಆ ಎರಡು ಶೇಕಡಾ ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದು, ‘ಇದಕ್ಕೆ ಎಷ್ಟು ವಿವರಣೆಗಳು ಸಾಧ್ಯ?’ ಎಂದು ವಿದ್ಯಾರ್ಥಿಗಳನ್ನು ಕೇಳಿ ನೋಡಲಿ. ಒಂದಕ್ಕಿಂತ ಹೆಚ್ಚು ಉತ್ತರ ಬಂದರೆ ಪಾಠ ಸಾರ್ಥಕವಾದಂತೆ.