ಮೈಸೂರು–ಕಲಕತ್ತೆ: ಎರಡು ಕಲಾಶಾಲೆಗಳ ನಂಟಿನ ಪ್ರಶ್ನೆ

ಕರ್ನಾಟಕದ ಆಧುನಿಕ ಚಿತ್ರಕಲೆಯನ್ನು ಕುರಿತ ಬರಹಗಳಲ್ಲಿ ಮೈಸೂರಿಗೂ ಕಲಕತ್ತೆಗೂ ಇದ್ದ ನಂಟಿನ ಪ್ರಸ್ತಾಪ ತಪ್ಪದೆ ಬರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕೆ. ವೆಂಕಟಪ್ಪನವರು 1909ರಲ್ಲಿ ಕಲಕತ್ತೆಯ ಸರಕಾರಿ ಕಲಾಶಾಲೆಯನ್ನು ಸೇರಿದರು. ಅವನೀಂದ್ರನಾಥ ಠಾಕೂರರಲ್ಲಿ ಕಲಿತು 1916ರಲ್ಲಿ ಹಿಂತಿರುಗಿದರು. ಇದರಲ್ಲಿ ವಿವಾದವಿಲ್ಲ. ಇದನ್ನು ಎರಡು ಕಲಾಶಾಲೆಗಳ ಸಹಯೋಗವೆಂದು ಕರೆಯುವ ರೂಢಿಯನ್ನು ಮಾತ್ರ ಒಪ್ಪಲಾಗದು.

ಸಹಯೋಗವೆಂದರೆ ಬೋಧನೆಯ ಕ್ರಮ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಬೇಕು. ಹ್ಯಾವೆಲ್ಲರು ಕಲಕತ್ತೆಯ ಶಾಲೆಯಿಂದ ಯುರೋಪಿನ ಪ್ಲಾಸ್ಟರ್ ಅಚ್ಚುಗಳನ್ನು ಹೊರಹಾಕಿ ಮೊಗಲ್ ಚಿತ್ರಗಳನ್ನು ವಿದ್ಯಾರ್ಥಿಗಳ ಮುಂದಿಟ್ಟರು. ಅವನೀಂದ್ರನಾಥರು ಆ ಹಾದಿಯನ್ನು ಮುಂದುವರಿಸಿದರು. 1906ರಲ್ಲಿ ಶಂಕುಸ್ಥಾಪನೆಯಾದ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಾದರೋ ಕುಶಲ ಕೈಗಾರಿಕೆಗಳಿಗೆ ಒತ್ತುಕೊಟ್ಟದ್ದು. ವೆಂಕಟಪ್ಪನವರ ಸಹಪಾಠಿ ನಂದಲಾಲ ಬಸು ಅವರಿಗೆ 1919ರಲ್ಲಿ ಆರಂಭವಾದ ಶಾಂತಿನಿಕೇತನದ ಕಲಾಭವನ ದೊರೆಯಿತು. ಗುರುವಿನಿಂದ ಪಡೆದದ್ದನ್ನು ಅವರು ಅಲ್ಲಿ ಒಂದು ಪೀಳಿಗೆಗೇ ಹಂಚಿದರು. ವೆಂಕಟಪ್ಪನವರಿಗೆ ಅಂಥ ಶಾಲೆ ಸಿಗಲಿಲ್ಲ, ಶಿಷ್ಯಪರಂಪರೆಯೂ ಬೆಳೆಯಲಿಲ್ಲ. ಏಕಾಂತಪ್ರಿಯತೆಯನ್ನೇ ಇದಕ್ಕೆ ಕಾರಣವಾಗಿಸುವುದು ಸುಲಭ. ಅರಮನೆಯ ಪೋಷಣೆ ವ್ಯಕ್ತಿಯನ್ನು ಸಾಕಿತೇ ಹೊರತು ತರಗತಿಯನ್ನು ಕಟ್ಟಲಿಲ್ಲ ಎಂಬುದು ಅಷ್ಟೇ ನಿಜ.

ನಿಜವಾದ ಶಾಲಾಸಂಬಂಧವನ್ನು ಹುಡುಕುವವರು ಉತ್ತರಕ್ಕೆ ನೋಡಬೇಕು. 1857ರಲ್ಲಿ ಸ್ಥಾಪಿತವಾದ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಕಲಾಶಾಲೆ ತೆರೆದರು. ಮುಂಬಯಿ ಪ್ರಾಂತದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳು ಕನ್ನಡ ಜಿಲ್ಲೆಗಳ ಹುಡುಗರಿಗೆ ಡ್ರಾಯಿಂಗ್ ಮಾಸ್ತರಿಕೆಯ ದಾರಿಯಾದವು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು 1938ರಲ್ಲಿ ಜೆ.ಜೆ.ಯ ಡಿಪ್ಲೊಮಾ ಪಡೆದು ಅಲ್ಲಿಯೇ ಅಧ್ಯಾಪಕರೂ ಆದರು. ಈ ನಂಟಿನಲ್ಲಿ ಅರಮನೆಯ ವೈಭವವಿಲ್ಲ. ಪಠ್ಯಕ್ರಮವೂ ಪರೀಕ್ಷೆಯೂ ಮುಂಬಯಿಯವೇ. ಆದ್ದರಿಂದ ಇದನ್ನೂ ಸಮಾನರ ಸಹಯೋಗವೆನ್ನಲಾಗದು. ಆದರೆ ಇದು ಉಳಿಯಿತು. ಏಕೆಂದರೆ ಒಬ್ಬ ಪ್ರತಿಭಾವಂತನನ್ನಲ್ಲ, ಸಾಧಾರಣ ಮಾಸ್ತರರ ಸಾಲನ್ನು ಅದು ನೆಚ್ಚಿತ್ತು.

ಇನ್ನು ವೆಂಕಟಪ್ಪನವರ ಕೃತಿಗಳು. ಊಟಿ, ಕೊಡೈಕನಾಲ್‌ಗಳ ಭೂದೃಶ್ಯಗಳಲ್ಲಿ ಬಂಗಾಳದ ಮಬ್ಬು ಹಿಂದೆ ಸರಿದು ಕಣ್ಣಿಗೆ ಕಂಡದ್ದರ ನಿಖರತೆ ಮುಂದೆ ಬರುತ್ತದೆ. ಗುರುಮನೆಯಿಂದ ಅವರು ಎಷ್ಟು ದೂರ ನಡೆದಿದ್ದರೆಂಬುದನ್ನು ಬೆಂಗಳೂರಿನಲ್ಲಿ ಅವರದೇ ಹೆಸರಿನ ಕಲಾಗ್ಯಾಲರಿಯ ಸಂಗ್ರಹ ತೋರಿಸುತ್ತದೆ.